ಅರ್ಧ ಬಾಲ್ದಿಯ ವಾರ

"ಪಂಪಿಗೆ ಎಂತ ಆಗಿದೆ ಅಂತ ನಾನೇ ಕಂಡುಹಿಡೀತೇನೆ. ಮೆಕ್ಯಾನಿಕ್ಕನ್ನು ಕರೆಯುವುದು ಬೇಡ."

ಮಂಗಳವಾರ ಬೆಳಿಗ್ಗೆ ಉಮಾವತಿ ಈ ಪ್ರತಿಜ್ಞೆ ಮಾಡಿದಾಗ ಬಿಜೈಯ ಆ ಮನೆಯಲ್ಲಿ ಕೇಳುವುದಕ್ಕೆ ಇಬ್ಬರಿದ್ದರು. ಒಬ್ಬ ಅವಳ ಗಂಡ ಜಯಪಾಲ, ವಿಮಾ ಆಫೀಸಿನ ಗುಮಾಸ್ತ. ಅವನ ಬಾಯಲ್ಲಿ ನೀರುದೋಸೆ ಇದ್ದುದರಿಂದ ಒಪ್ಪಿದನೋ ಬಿಟ್ಟನೋ ತಿಳಿಯಲಿಲ್ಲ. ಇನ್ನೊಬ್ಬರು ಅತ್ತೆ ಗುಲಾಬಿ. ಅವರ ಬಾಯಲ್ಲಿ ಏನೂ ಇರಲಿಲ್ಲ.

"ಮೂರು ತಿಂಗಳ ಹಿಂದೆ ಪಂಪು ಬೇಕೇ ಬೇಕು ಅಂತ ಹೇಳಿದ್ದೂ ನೀನೇ," ಎಂದರು ಅತ್ತೆ. "ಬಾವಿಗೆ ರಾಟೆ ಉಂಟು, ಹಗ್ಗ ಉಂಟು. ರಾಟೆ ಫ್ಯೂಸ್ ಹೋದದ್ದನ್ನು ನಾನು ಈ ಅರವತ್ತು ವರ್ಷದಲ್ಲಿ ಕಂಡದ್ದಿಲ್ಲ."

ಉಮಾವತಿ ನಕ್ಕಳು. ಕಾರ್ಕಳದ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿ, ಫಿಸಿಕ್ಸಿನಲ್ಲಿ ನೂರಕ್ಕೆ ಎಂಬತ್ತೊಂದು ಅಂಕ ತೆಗೆದವಳು ಅವಳು. ದ್ರವಗಳ ಒತ್ತಡ, ಹರಿವು, ಇಳಿವು ಎಲ್ಲವನ್ನೂ ಕಾಗದದ ಮೇಲೆ ಏರಿಸಿ ಇಳಿಸಿದವಳು. ಅರ್ಧ ಅಶ್ವಶಕ್ತಿಯ ಒಂದು ಪಂಪು ಅವಳ ಎದುರು ಎಷ್ಟು ದಿನ ನಿಂತೀತು?

ಆದರೆ ಆ ನಗುವಿನ ಕೆಳಗೆ ಒಂದು ಭಯವೂ ಇತ್ತು. ಪಂಪು ಬರುವ ಮೊದಲು ಬೆಳಗಿನ ಒಂದೂವರೆ ಗಂಟೆ ಬಾವಿಕಟ್ಟೆಯ ಪಾಲಾಗುತ್ತಿತ್ತು. ದಿನಕ್ಕೆ ನಲವತ್ತು ಕೊಡ. ಪಂಪು ಬಂದ ಮೇಲೆ ಆ ಹೊತ್ತು, ಮಡಿಲಿಗೆ ಉದುರಿದ ಹೂವಿನಂತೆ, ಅವಳದಾಯಿತು. ಅದನ್ನು ಏನು ಮಾಡುವುದೆಂದು ಯೋಚಿಸಿ ಬಿ.ಎಡ್.ಗೆ ಅರ್ಜಿ ಹಾಕಿದಳು. ಸೀಟು ಸಿಕ್ಕಿತು. ಮುಂದಿನ ಸೋಮವಾರದಿಂದ ತರಗತಿ, ಎಂಟೂವರೆಯ ಬಸ್ಸು ಹಿಡಿಯಬೇಕು. ಅತ್ತೆ ಬೇಡವೆಂದಿರಲಿಲ್ಲ. "ಬೆಳಗಿನ ಕೆಲಸ ಮುಗಿಸಿ ಹೋಗುವುದಾದರೆ ಹೋಗು," ಎಂದಿದ್ದರು. ಈಗ ಒಂದು ಮಾತು ಸೇರಿಸಿದರು:

"ಭಾನುವಾರದ ಒಳಗೆ ಸರಿಯಾಗದಿದ್ದರೆ ಪಂಪು ಬಿಚ್ಚಿಸುವ. ಸೋಮವಾರದಿಂದ ರಾಟೆ."

ಸೋಮವಾರ ಎಂಟೂವರೆಗೆ ಅವಳು ಬಸ್ಸಿನ ಕಂಬಿ ಹಿಡಿದಿರುತ್ತಾಳೋ ಬಾವಿಯ ಹಗ್ಗ ಹಿಡಿದಿರುತ್ತಾಳೋ ಎಂಬುದು ಆ ಪಂಪಿನ ಮೇಲೆ ನಿಂತಿತ್ತು.

ಮನೆಗೆ ಬಂದು ಎರಡು ವರ್ಷದಲ್ಲಿ ಉಮಾವತಿ ಮಾಡಿದ ಸುಧಾರಣೆಗಳು ಒಂದೆರಡಲ್ಲ. ಅಂಗಳದಡಿಯಲ್ಲಿ ನಗರಸಭೆಯ ನೀರು ತುಂಬುವ ಸಂಪು ಕಟ್ಟಿಸಿ, ಅದಕ್ಕೆ ಪಂಪು ಕೂರಿಸಿದ್ದು ದೊಡ್ಡದು. ತೀರಾ ಇತ್ತೀಚಿನದು ಕಳೆದ ಭಾನುವಾರದ್ದು. ಟ್ಯಾಂಕು ತುಂಬಿ ಹೊರಚೆಲ್ಲಿದ ನೀರು ಕಂಪೌಂಡು ಹಾರಿ, ಪಕ್ಕದ ಮನೆಯ ಮುನೀರಾ ಮಳೆಗಾಲಕ್ಕೆಂದು ಚಾಪೆಯ ಮೇಲೆ ಒಣಹಾಕಿದ್ದ ಹಲಸಿನ ಹಪ್ಪಳಗಳನ್ನು ನೆನೆಸಿಬಿಟ್ಟಿತ್ತು. ಉಮಾವತಿ ಸ್ಟೂಲು ಹತ್ತಿ, ಟ್ಯಾಂಕಿನಿಂದ ತಗ್ಗಿಗೆ ಇಳಿದು ಆ ನೀರು ಬೀಳಿಸುವ ಕೊಳವೆಗೆ ಕಪ್ಪು ರಬ್ಬರ್ ಪೈಪು ಸಿಕ್ಕಿಸಿ, ಗೋಡೆಯುದ್ದಕ್ಕೂ ಇಳಿಸಿ, ಅದರ ತುದಿಯನ್ನು ಸಂಪಿನ ಮುಚ್ಚಳದ ಮೂಲೆಯಿಂದ ಒಳಗೆ ಬಿಟ್ಟಳು. ಹಪ್ಪಳಕ್ಕೆ ರಕ್ಷಣೆ, ನೀರಿಗೂ ಉಳಿತಾಯ. "ತಲೆ ಉಂಟು ಇವಳಿಗೆ," ಎಂದು ಅತ್ತೆ ಮಗನ ಹತ್ತಿರ ಹೇಳಿದ್ದನ್ನು ಅವಳು ಬಾಗಿಲ ಮರೆಯಲ್ಲಿ ನಿಂತು ಎರಡು ಸಲ ಕೇಳಿಸಿಕೊಂಡಿದ್ದಳು. ಎರಡನೆಯ ಸಲ ಅವರು ಹೇಳಿರಲಿಲ್ಲ, ಅವಳೇ ನೆನೆಸಿಕೊಂಡದ್ದು.

ಆ ಹೊಗಳಿಕೆ ಆರುವ ಮೊದಲೇ, ಮರುದಿನ, ಪಂಪು ಕೈಕೊಟ್ಟಿತ್ತು. ಇಪ್ಪತ್ತೈದು ನಿಮಿಷದಲ್ಲಿ ಟ್ಯಾಂಕು ತುಂಬಿಸುತ್ತಿದ್ದ ಪಂಪು ಎರಡು ಗಂಟೆ ಓಡಿತು. ಟ್ಯಾಂಕು ತುಂಬಿದ ಸುದ್ದಿ ಬರಲಿಲ್ಲ. ಮೋಟರು ಮುಟ್ಟಿದರೆ ದೋಸೆಕಲ್ಲಿನ ಹಾಗೆ ಸುಡುತ್ತಿತ್ತು. ಹೆದರಿ ಆರಿಸಿದರು.

ಮಂಗಳವಾರ ಜಯಪಾಲ ದೋಸೆ ನುಂಗಿ ಒಂದೇ ಒಂದು ನಿಯಮ ಮಾಡಿದ.

"ಏನು ಬೇಕಾದರೂ ಮಾಡು ಉಮಾ. ಆದರೆ ಪಂಪು ಓಡ್ತಿರುವಾಗ ಸಂಪಿನ ಮುಚ್ಚಳ ಯಾರೂ ಮುಟ್ಟಬಾರದು. ಕಬ್ಬಿಣ, ನೀರು, ಕರೆಂಟು, ಮೂರೂ ಒಟ್ಟಿಗೆ. ನನ್ನ ಆಫೀಸಿಗೆ ಇಂಥ ಕೇಸು ಎಷ್ಟು ಬರ್ತದೆ ಗೊತ್ತುಂಟಾ?"

ಅವಳು ಒಪ್ಪಿದಳು. ಪ್ರಯೋಗ ಶುರುವಾಯಿತು.

ಬಟ್ಟೆ ಒಣಹಾಕುವ ಬಿದಿರಿನ ಗಳಕ್ಕೆ ಒಂದೊಂದು ಇಂಚಿಗೂ ಹಳೆಯ ಕೆಂಪು ಸೀರೆಯ ಚೂರು ಕಟ್ಟಿ ಅಳತೆಗೋಲು ಮಾಡಿದಳು. ಅದನ್ನು ಹಿಡಿದು ಅಂಗಳಕ್ಕಿಳಿದ ಸೊಸೆಯನ್ನು ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದೆಂತದು, ಸಂಪಿಗೆ ಸೀಮಂತವಾ?"

ಪಂಪು ಹಾಕುವ ಮೊದಲು ಮುಚ್ಚಳ ತೆಗೆದು ಅಳೆದಳು. ಮುಚ್ಚಳ ಹಾಕಿ ಪಂಪು ಓಡಿಸಿದಳು. ಒಂದು ಗಂಟೆಯಾದ ಮೇಲೆ ಸ್ವಿಚ್ಚು ಆರಿಸಿ, ನಿಯಮದಂತೆ ನೂರು ಎಣಿಸಿ, ಮುಚ್ಚಳ ತೆಗೆದು ಮತ್ತೆ ಅಳೆದಳು. ಒಂದೂವರೆ ಅಡಿ ಇಳಿಯಬೇಕಾಗಿದ್ದ ನೀರು ಮೂರು ಬೆರಳು ಇಳಿದಿತ್ತು. ನೋಟ್‌ಬುಕ್ಕಿನಲ್ಲಿ ಬರೆದಳು: "ಪಂಪು ತಿರುಗುತ್ತಿದೆ. ನೀರು ಎತ್ತುತ್ತಿಲ್ಲ." ಕೆಳಗೆ ಸ್ಕೇಲು ಇಟ್ಟು ಎರಡು ಗೆರೆ ಎಳೆದಳು. ಕಾಲೇಜಿನ ಅಭ್ಯಾಸ. ಮುಂದಿನ ದಿನಗಳಲ್ಲೂ ಬೆಳಿಗ್ಗೆ ಒಂದು ಗಂಟೆ ಪಂಪು ಓಡಿಸಿ ಅಳೆದಳು; ಲೆಕ್ಕ ಬದಲಾಗಲಿಲ್ಲ.

ಅಂದಿನಿಂದಲೇ ನೀರಿನ ರೇಷನ್ ಜಾರಿಗೆ ಬಂತು. ಟ್ಯಾಂಕಿನಲ್ಲಿ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು, ಆದ್ದರಿಂದ ತಲೆಗೆ ಅರ್ಧ ಬಾಲ್ದಿ.

"ಮೇ ತಿಂಗಳ ಈ ಸೆಖೆಯಲ್ಲಿ ಅರ್ಧ ಬಾಲ್ದಿಯಾ?" ಎಂದ ಜಯಪಾಲ.

"ಮರಳುಗಾಡಿನಲ್ಲಿ ಇಷ್ಟೂ ಇರುವುದಿಲ್ಲ."

"ಮರಳುಗಾಡಿನಲ್ಲಿ ನನ್ನ ಮ್ಯಾನೇಜರೂ ಇರುವುದಿಲ್ಲ ಮಾರಾಯ್ತಿ."

ಬುಧವಾರ ಅವನು ಎಡಗಿವಿಯ ಹಿಂದೆ ಸೋಪಿನ ನೊರೆ ಇಟ್ಟುಕೊಂಡೇ ಆಫೀಸಿಗೆ ಹೋದ. ಮ್ಯಾನೇಜರು ಅದನ್ನು ತೋರಿಸಿ, "ಇದು ಕಿವಿನೋವಿನ ಔಷಧವಾ?" ಎಂದು ಕೇಳಿದರಂತೆ. ಅತ್ತೆ ಸ್ನಾನದ ನೀರನ್ನು ತೀರ್ಥದಂತೆ ಚಿಮುಕಿಸಿಕೊಂಡು, ಒಂದೊಂದು ಚೆಂಬಿಗೂ ಒಂದೊಂದು ನಿಟ್ಟುಸಿರು ಬಿಡುತ್ತಿದ್ದರು. ಅದು ಸರಿಯಾಗಿ ಅಡುಗೆಮನೆಗೆ ಕೇಳುವಂತೆ ಬಿಡುತ್ತಿದ್ದರು. ಇಷ್ಟೆಲ್ಲ ಆದರೂ ನಲ್ಲಿಯಲ್ಲಿ ನೀರು ಮಾತ್ರ ಒಂದು ಹೊತ್ತೂ ನಿಲ್ಲಲಿಲ್ಲ. ಉಮಾವತಿ ಅದನ್ನೂ ಗಮನಿಸಿ ಬರೆದಿಟ್ಟಳು: "ಮಿತವ್ಯಯದ ಫಲ."

ಗುರುವಾರ ಪ್ರತಿಜ್ಞೆ ಸ್ವಲ್ಪ ಬಾಗಿತು. ಕಜೆಟನ್ ಬಂದರು. ಮೆಕ್ಯಾನಿಕ್ ಎಂದಲ್ಲ, ಸ್ಪ್ಯಾನರು ಇರುವ ಸಹಾಯಕ ಎಂದು ಉಮಾವತಿ ಅತ್ತೆಗೆ ವಿವರಿಸಿದಳು. ಅರವತ್ತು ದಾಟಿದ, ಹೊಟ್ಟೆ ಮುಂದೆ ಬಂದ, ಬಿಜೈಯ ಅರ್ಧ ಪಂಪುಗಳನ್ನು ಕೈಯಾರೆ ಕೂರಿಸಿದ ಮನುಷ್ಯ. ಪಂಪಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು.

"ಸುಲಭ ಉಮಾಬಾಯಿ. ಫುಟ್‌ವಾಲ್ವ್. ಸಂಪಿನ ಒಳಗೆ ಪೈಪಿನ ತುದಿಗೆ ಒಂದು ಬಾಯಿ ಉಂಟಲ್ಲ, ಅದರಲ್ಲಿ ಕಸ ಕೂತಿದೆ."

ಪೈಪು ಎಳೆದು, ಬಿಚ್ಚಿ ನೋಡಿದರೆ ಆ ಬಾಯಿ ಹಸುಗೂಸಿನದರಷ್ಟು ಸ್ವಚ್ಛವಾಗಿತ್ತು. ಕಜೆಟನ್ ಅದನ್ನು ಸ್ವಲ್ಪ ಹೊತ್ತು ಬೇಸರದಿಂದ ದಿಟ್ಟಿಸಿದರು. ಮತ್ತೆ ಎಲ್ಲ ಜೋಡಿಸಿ, ಮೇಲೆ ಹೋಗುವ ಪೈಪನ್ನು ಪಂಪಿನ ಹತ್ತಿರ ಬಿಚ್ಚಿ, "ನೀರು ಎತ್ತುತ್ತದಾ ಇಲ್ಲವಾ ನೋಡಿಯೇ ಬಿಡುವ, ಹಾಕಿ ಸ್ವಿಚ್ಚು," ಎಂದರು.

ಅದೇ ಹೊತ್ತಿಗೆ ಜಯಪಾಲ ಆಫೀಸಿನಿಂದ ಬಂದು, ಚಪ್ಪಲಿ ಬಿಟ್ಟು, "ಎಂತ, ಸರಿ ಆಯ್ತಾ?" ಎಂದು ಪಂಪಿನ ಮೇಲೆ ಬಗ್ಗಿದ.

ತೊಡೆಯ ಗಾತ್ರದ ನೀರು ಎದ್ದು ಅವನ ಮುಖಕ್ಕೆ ಹೊಡೆಯಿತು. ಅಂಗಿ, ಪ್ಯಾಂಟು, ಜೇಬಿನ ಪೆನ್ನು, ತಲೆ, ಎಲ್ಲ. ಮೂರು ದಿನಗಳಲ್ಲಿ ಅವನಿಗೆ ಸಿಕ್ಕಿದ ಮೊದಲ ಪೂರ್ತಿ ಸ್ನಾನ. ಅವನು ಓಡಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ.

"ಪಂಪು ಹುಲಿ, ಉಮಾಬಾಯಿ," ಎಂದರು ಕಜೆಟನ್. "ಇದರಲ್ಲಿ ದೋಷ ಇಲ್ಲ. ಟ್ಯಾಂಕಿನ ಒಳಗೆ ಹತ್ತಿ ನೋಡಿದಿರಾ?"

ಟ್ಯಾಂಕು ಇದ್ದದ್ದು ಬಚ್ಚಲುಮನೆಯ ಮಾಡಿನ ಮೇಲೆ, ನಾಲ್ಕು ಸಿಮೆಂಟಿನ ಕಾಲುಗಳ ಮೇಲೆ. ನಾಲ್ವರೂ ತಲೆಯೆತ್ತಿ ಅದನ್ನು ನೋಡಿದರು.

"ನನಗೆ ಮೊಣಕಾಲು ಸರಿ ಇಲ್ಲ," ಎಂದ ಜಯಪಾಲ. ಮೂವತ್ತು ವಯಸ್ಸಿನ ಆ ಮೊಣಕಾಲು ಎತ್ತರ ಕಂಡಾಗ ಮಾತ್ರ ನೋಯುತ್ತಿತ್ತು.

"ನೀವೇ ಹತ್ತಬಹುದಲ್ಲ ಪೊರ್ಬುಗಳೇ," ಎಂದರು ಅತ್ತೆ, ಕಜೆಟನ್ ಕಡೆ ತಿರುಗಿ.

"ಹತ್ತಬಹುದು ಗುಲಾಬಿಯಕ್ಕ. ಏಣಿ ಬೆಂಗ್ರೆಯಲ್ಲಿ ಉಂಟು, ಒಬ್ಬರ ಮನೆಗೆ ಕೊಟ್ಟದ್ದು. ದೋಣಿಯಲ್ಲಿ ಹೊಳೆ ದಾಟಿಸಿ ತರಬೇಕು."

"ನಾನು ಸ್ಟೂಲಿನ ಮೇಲೆ ಸ್ಟೂಲು ಇಟ್ಟು..." ಎಂದು ಉಮಾವತಿ ಶುರುಮಾಡಿದಳು.

"ಸೊಸೆ ಮಾಡಿನ ಮೇಲೆ ನಿಲ್ಲುವುದನ್ನು ಬಸ್ಸಿನಲ್ಲಿ ಹೋಗುವವರೆಲ್ಲ ನೋಡಬೇಕಾ?" ಎಂದು ಅತ್ತೆ ಮುಗಿಸಿದರು.

ಉಮಾವತಿಗೂ ಹತ್ತುವ ಅಗತ್ಯವೇನೂ ಕಾಣಲಿಲ್ಲ. ಆ ಟ್ಯಾಂಕಿನ ಒಳಗೆ ಇಣುಕಿದವರು ಈ ಮನೆಯಲ್ಲಿ ಯಾರೂ ಇರಲಿಲ್ಲ, ಯಾಕೆಂದರೆ ಟ್ಯಾಂಕು ತಾನೇ ಹೇಳುತ್ತಿತ್ತು. ತುಂಬಿದ ಕೂಡಲೇ ಹೆಚ್ಚಾದ ನೀರು ಕಟ್ಟಿಗೆಕೊಟ್ಟಿಗೆಯ ತಗಡಿನ ಮಾಡಿಗೆ ಬಿದ್ದು ಚೆಂಡೆ ಬಾರಿಸಿದಂತೆ ಸದ್ದಾಗುತ್ತಿತ್ತು. ಅತ್ತೆ ಒಳಗಿನಿಂದ "ತುಂಬಿತು" ಎನ್ನುತ್ತಿದ್ದರು. ಯಾರಾದರೂ ಓಡಿ ಸ್ವಿಚ್ಚು ಆರಿಸುತ್ತಿದ್ದರು. ಮೂರು ತಿಂಗಳಿಂದ ಇದೇ ಪದ್ಧತಿ.

"ನೋಡುವುದೆಂತಕ್ಕೆ?" ಎಂದಳು ಉಮಾವತಿ, ತರಗತಿಯ ಮುಂದೆ ನಿಂತಂತೆ. "ಟ್ಯಾಂಕು ತುಂಬಿಲ್ಲ ಅನ್ನುವುದು ಸಿದ್ಧವಾದ ವಿಷಯ. ತುಂಬಿದ್ದರೆ ತಗಡು ಹೇಳ್ತಿತ್ತು."

ಕಜೆಟನ್ ತಲೆದೂಗಿದರು. ಓದಿದವರ ಮಾತು. ಪಂಪು ನೀರು ಎತ್ತುತ್ತಿದೆ, ಟ್ಯಾಂಕಿಗೆ ಮುಟ್ಟುತ್ತಿಲ್ಲ. ಹಾಗಾದರೆ ನಡುವೆ ಎಲ್ಲೋ ಸೋರುತ್ತಿರಬೇಕು. ನಡುವೆ ಇದ್ದದ್ದು ನೆಲದಡಿಯ ಪೈಪು. ನೆಲದ ಮೇಲೆ ಇದ್ದದ್ದು ಅತ್ತೆಯ ಬಸಳೆ ಚಪ್ಪರ. ಸಂಪಿನ ನೀರು ಯಾಕೆ ಇಳಿಯುತ್ತಿಲ್ಲ ಎಂಬ ಒಂದು ಪ್ರಶ್ನೆ ಉಳಿದೇ ಇತ್ತು. ಅದನ್ನು ಅವಳು ನೋಟ್‌ಬುಕ್ಕಿನ ಕೊನೆಯ ಪುಟಕ್ಕೆ ವರ್ಗಾಯಿಸಿದಳು.

ಆ ಬಸಳೆ ಸಾಮಾನ್ಯದ್ದಲ್ಲ. ಅತ್ತೆ ಕಾಟಿಪಳ್ಳದ ತಂಗಿಯ ಮನೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಬಳ್ಳಿ. ಮಗನನ್ನು ಸಾಕಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಸಾಕಿದ್ದರು. ಫಲವೂ ಹೆಚ್ಚು ಚೆನ್ನಾಗಿ ಬಂದಿತ್ತು ಎಂದು ಅವರೇ ಹೇಳುತ್ತಿದ್ದರು. ಅದರ ಬುಡ ಅಗೆಯುತ್ತೇವೆಂದು ಕೇಳಿದರೆ ಅವರು ಒಪ್ಪುವ ಮಾತಿರಲಿಲ್ಲ. ಶನಿವಾರ ಅವರು ಒಂದು ಮದುವೆಗೆ ಹೋದದ್ದೇ ತಡ, ಉಮಾವತಿ ಮತ್ತು ಕಜೆಟನ್ ಹಾರೆ ಹಿಡಿದು ಚಪ್ಪರದ ಬುಡಕ್ಕೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತು ಅಡಿ ಉದ್ದಕ್ಕೆ ಕಾಲುವೆಯಂತೆ ಕಣಿ ತೋಡಿಯಾಗಿತ್ತು. ಪೈಪು ಪೂರ್ತಿ ಕಣ್ಣಿಗೆ ಬಿತ್ತು. ಎಲ್ಲಿಯೂ ಒಂದು ಹನಿ ಇಲ್ಲ. ಸುತ್ತಲಿನ ಮಣ್ಣು ಹುರಿದ ರವೆಯಂತೆ ಒಣಗಿತ್ತು.

ಅತ್ತೆ ಮದುವೆಯಿಂದ ಮಲ್ಲಿಗೆ ಮುಡಿದು ಬಂದರು. ಗೇಟಿನಲ್ಲೇ ನಿಂತರು. ಕಣಿ ನೋಡಿದರು, ಪಕ್ಕದಲ್ಲಿ ಬೇರು ಮೇಲಾಗಿ ಮಲಗಿದ್ದ ಬಸಳೆ ನೋಡಿದರು, ಮೂಗಿನ ಮೇಲೆ ಮಣ್ಣು ಮೆತ್ತಿಕೊಂಡ ಸೊಸೆಯನ್ನು ನೋಡಿದರು. ಬೈಯುತ್ತಾರೆಂದು ಉಮಾವತಿ ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಒಳಗೆ ಹೋಗಿ ಕಾಲು ತೊಳೆದರು. ಅದೂ ಅರ್ಧ ಚೆಂಬಿನಲ್ಲಿ.

ಸಂಜೆ ದೀಪ ಹಚ್ಚಿ ಕೈಮುಗಿದು ಜೋರಾಗಿ ಹೇಳಿಕೊಂಡರು:

"ಸ್ವಾಮಿ ಕೊರಗಜ್ಜ, ಮನೆಯ ನೀರು ಕಳೆದುಹೋಗಿದೆ. ಎಲ್ಲಿಗೆ ಹೋಗ್ತದೆ ಅಂತ ಗೊತ್ತಿಲ್ಲ. ಹುಡುಕಿಕೊಡು. ಏಳು ಚಕ್ಕುಲಿ ಇಡ್ತೇನೆ."

ಕಳೆದದ್ದನ್ನು ಹುಡುಕಿಕೊಡುವುದರಲ್ಲಿ ದೈವಗಳಲ್ಲಿ ಅಜ್ಜನನ್ನು ಬಿಟ್ಟರಿಲ್ಲ ಎಂದು ಊರೆಲ್ಲ ನಂಬಿದ್ದು. ಕಿವಿಯೋಲೆ, ಬೀಗದ ಕೈ, ಕಟ್ಟು ಬಿಚ್ಚಿಕೊಂಡು ಹೋದ ದನ, ಎಲ್ಲಕ್ಕೂ ಚಕ್ಕುಲಿಯ ಹರಕೆ. ಆದರೆ ನೀರು ಕಳೆದದ್ದಕ್ಕೆ ಹರಕೆಯೇ? ವಿಜ್ಞಾನದ ವಿದ್ಯಾರ್ಥಿನಿ ನೋಟ್‌ಬುಕ್ಕು ತೆರೆದು ಕೂತಳು. ಬರೆಯಲು ಏನೂ ತೋಚಲಿಲ್ಲ. ಎರಡು ಗೆರೆ ಮಾತ್ರ ಎಳೆದಳು.

ಭಾನುವಾರ ಬೆಳಿಗ್ಗೆ ಬಾವಿಕಟ್ಟೆಯಿಂದ ಕಿರ್ರೆಂಬ ಸದ್ದು ಬಂತು. ಅತ್ತೆ ರಾಟೆಗೆ ತೆಂಗಿನೆಣ್ಣೆ ಹಚ್ಚಿ ತಿರುಗಿಸಿ ನೋಡುತ್ತಿದ್ದರು. ಹೊಸ ಹಗ್ಗ ಬಾಲ್ದಿಯಲ್ಲಿ ನೆನೆಯುತ್ತಿತ್ತು. ಉಮಾವತಿಯ ಅಂಗೈಯಲ್ಲಿ ಹಳೆಯ ಗುಳ್ಳೆಗಳ ಜಾಗ ತಾನಾಗಿ ಉರಿಯಿತು. ಬಿ.ಎಡ್.ಗೆಂದು ಇಸ್ತ್ರಿ ಮಾಡಿಟ್ಟ ನೀಲಿ ಸೀರೆ ಕುರ್ಚಿಯ ಮೇಲಿತ್ತು. ಅವಳು ಅತ್ತ ನೋಡದೆ ಅಂಗಳಕ್ಕೆ ಬಂದಳು.

ಕಜೆಟನ್ ಚರ್ಚಿನ ಪೂಜೆ ಮುಗಿಸಿ, ಇಗರ್ಜಿಯ ಬಿಳಿ ಅಂಗಿಯಲ್ಲೇ ಬಂದು ಕೊನೆಯ ನಟ್ಟು ಬಿಗಿದರು. ಪಂಪು ಗುಂಯ್ಯೆಂದು ಶುರುವಾಯಿತು. ಅರ್ಧ ಗಂಟೆ ಕಳೆಯಿತು. ಮುಕ್ಕಾಲು ಗಂಟೆಯಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಆಗ ಕಂಪೌಂಡಿನ ಆಚೆಯಿಂದ ಮುನೀರಾಳ ತಲೆ ಕಾಣಿಸಿತು. ಕೈಯಲ್ಲಿ ಪೇಪರು ಸುತ್ತಿದ ಹಪ್ಪಳದ ಕಟ್ಟು.

"ಉಮಕ್ಕ, ಒಂದು ಮಾತು ಹೇಳಿದ್ರೆ ಬೇಜಾರು ಮಾಡ್ಬೇಡಿ."

"ಇಲ್ಲ, ಹೇಳಿ."

"ಆವತ್ತು ಹಪ್ಪಳ ಒದ್ದೆ ಆಯ್ತು ಅಂತ ನಾನು ಸುಮ್ಮನೆ ಬಾಯಿ ಬಿಟ್ಟದ್ದು. ನೀವು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಆ ಶಬ್ದವನ್ನೇ ನಿಲ್ಲಿಸಿಬಿಟ್ರಿ. ಆರು ದಿನ ಆಯ್ತು, ನಮ್ಮಲ್ಲಿ ಅನ್ನ ಎಲ್ಲ ಗಂಜಿ ಆಗ್ತಾ ಉಂಟು."

"ಅನ್ನವಾ?"

"ಕುಚ್ಚಲಕ್ಕಿ ಅಲ್ಲವಾ, ಹೊತ್ತು ನೋಡಿ ಇಳಿಸಬೇಕು. ಗಡಿಯಾರ ಇರುವುದು ಚಾವಡಿಯಲ್ಲಿ, ಅಡಿಗೆಮನೆಗೆ ಕಾಣುವುದಿಲ್ಲ. ಬೆಳಿಗ್ಗೆ ನಿಮ್ಮ ತಗಡಿಗೆ ನೀರು ಬಿದ್ದ ಕೂಡಲೇ ನಾನು ಅನ್ನ ಇಳಿಸ್ತಿದ್ದೆ. ಈಗ ನಮ್ಮ ಮನೆಯವರು ದಿನಾ ಕೇಳ್ತಾರೆ, ಮನೆಯಲ್ಲಿ ಯಾರಿಗೆ ಜ್ವರ ಅಂತ." ಅವಳು ಹಪ್ಪಳದ ಕಟ್ಟನ್ನು ಮುಂದೆ ಚಾಚಿದಳು. "ಹಪ್ಪಳ ಒದ್ದೆಯಾದ್ರೆ ಮತ್ತೆ ಒಣಗಿಸ್ತೇನೆ. ಆ ಶಬ್ದ ವಾಪಸು ಕೊಡಿ."

ಉಮಾವತಿ ಕಟ್ಟನ್ನು ತೆಗೆದುಕೊಂಡಳು. ತೆಗೆದುಕೊಂಡು ಹಾಗೆಯೇ ನಿಂತಳು. ಅವಳ ಕಣ್ಣು ತಗಡಿನ ಮಾಡಿಗೆ ಹೋಯಿತು. ತಗಡಿನ ಅಂಚಿನಿಂದ ಗೋಡೆಯುದ್ದಕ್ಕೂ ಇಳಿದ ಕಪ್ಪು ಪೈಪಿಗೆ ಹೋಯಿತು. ಪೈಪಿನ ಜೊತೆಗೇ ನಡೆದು, ನಡೆದು, ಸಂಪಿನ ಮುಚ್ಚಳದ ಮೂಲೆಗೆ ಬಂದು ನಿಂತಿತು.

ಪಂಪು ಓಡುತ್ತಲೇ ಇತ್ತು. ಗಂಡನ ನಿಯಮವನ್ನು ಮುರಿದು, ಒಣಗಿದ ಕೋಲೊಂದರಿಂದ ಮುಚ್ಚಳವನ್ನು ನಾಲ್ಕು ಬೆರಳು ಎತ್ತಿ ಬಗ್ಗಿ ನೋಡಿದಳು. ಒಳಗೆ, ಕತ್ತಲಲ್ಲಿ, ಕಪ್ಪು ಪೈಪಿನ ಬಾಯಿಂದ ನೀರು ಬೆಳ್ಳಗೆ ಸುರಿಯುತ್ತಿತ್ತು. ಯಾವ ಅವಸರವೂ ಇಲ್ಲದೆ, ಗುಳುಗುಳು ನಗುತ್ತ.

ಸಂಪಿನಿಂದ ಟ್ಯಾಂಕಿಗೆ. ಟ್ಯಾಂಕಿನಿಂದ ಸಂಪಿಗೆ. ಆರು ದಿನಗಳಿಂದ ಅದೇ ನೀರು ಅವರ ಮನೆಗೆ ಪ್ರದಕ್ಷಿಣೆ ಹಾಕುತ್ತಿತ್ತು. ಟ್ಯಾಂಕು ಪ್ರತಿದಿನವೂ ಹೊತ್ತಿಗೆ ಸರಿಯಾಗಿ, ಕಂಠಮಟ್ಟ ತುಂಬಿತ್ತು. ಅದರ ನೆರಳಿನಲ್ಲಿ ಕೂತು ಅವರು ಅರ್ಧ ಬಾಲ್ದಿಯಲ್ಲಿ ಮಿಂದಿದ್ದರು. ಕಳೆದುಹೋದದ್ದು ನೀರಲ್ಲ, ಸದ್ದು. ಅದನ್ನು ಸ್ಟೂಲು ಹತ್ತಿ, ಕೈಯಾರೆ, ಬಾಯಿಮುಚ್ಚಿಸಿದವಳು ತಾನು.

ಸುತ್ತ ನೋಡಿದಳು. ಕಜೆಟನ್ ಬೀಡಿ ಹಚ್ಚುತ್ತಿದ್ದರು. ಜಯಪಾಲ ಪೇಪರಿನಲ್ಲಿ ಮುಖ ಹುದುಗಿಸಿದ್ದ. ಅತ್ತೆ ರಾಟೆಯ ಹತ್ತಿರವಿದ್ದರು. ಉಮಾವತಿ ಮೆಲ್ಲನೆ ಸ್ಟೂಲು ಹತ್ತಿ, ಕಪ್ಪು ಪೈಪನ್ನು ಹಿಡಿದು ಒಮ್ಮೆ ಎಳೆದಳು.

ತಗಡಿನ ಮೇಲೆ ನೀರು ಬಿತ್ತು. ಒಂದು ವಾರದ ಸೆಖೆಯ ಮೇಲೆ ಮೊದಲ ಮಳೆ ಬಿದ್ದಂತೆ ಧಡಧಡ ಸದ್ದಾಯಿತು.

"ತುಂಬಿತು," ಎಂದರು ಅತ್ತೆ, ಬಾವಿಕಟ್ಟೆಯಿಂದಲೇ, ಅಭ್ಯಾಸಬಲದಿಂದ. ಹೇಳಿದ ಮೇಲೆ ತಾವೇ ಬೆಚ್ಚಿದರು.

ಆಚೆಮನೆಯಿಂದ ಅನ್ನದ ಪಾತ್ರೆ ಇಳಿಸಿದ ಸದ್ದು ಕೇಳಿತು. ಜಯಪಾಲ ಪೇಪರು ಎಸೆದು ಓಡಿಬಂದ. "ಎಂತ ಮಾಡಿದಿರಿ ಪೊರ್ಬುಗಳೇ?"

ಕಜೆಟನ್ ಹೊಗೆ ಬಿಟ್ಟು ಒಂದು ಗಳಿಗೆ ಯೋಚಿಸಿದರು. "ಕೊನೆಯ ನಟ್ಟು," ಎಂದರು. "ಎಲ್ಲ ಇರುವುದು ಆ ಕೊನೆಯ ನಟ್ಟಿನಲ್ಲಿ."

"ಅಜ್ಜ ಹುಡುಕಿಕೊಟ್ಟ," ಎಂದು ಅತ್ತೆ ಕೈಮುಗಿದರು.

ಸತ್ಯ ಗೊತ್ತಿದ್ದವಳು ಒಬ್ಬಳೇ. ಅವಳು ಕಪ್ಪು ಪೈಪನ್ನು ಸೆರಗಿನ ಮರೆಯಲ್ಲಿ ಸುರುಳಿ ಸುತ್ತಿ, ಕಟ್ಟಿಗೆರಾಶಿಯ ಹಿಂದೆ ತುರುಕಿ, ಕೈ ತೊಳೆದುಕೊಂಡು ಬಂದಳು.

ಸಂಜೆ ಹರಕೆಯ ಚಕ್ಕುಲಿಗೆ ಒಲೆ ಹೊತ್ತಿತು. ಉಮಾವತಿ ಚಕ್ಕುಲಿ ಒರಳಿನಲ್ಲಿ ಹಿಟ್ಟು ತುಂಬಿ ಒತ್ತುತ್ತಿದ್ದಳು. ಅತ್ತೆ ಮಣೆಯ ಮೇಲೆ ಕೂತು ಬಸಳೆಯ ಬಳ್ಳಿಗಳನ್ನು ಮತ್ತೆ ನೆಡಲು ತುಂಡು ಮಾಡುತ್ತಿದ್ದರು. ಜಯಪಾಲ ಬಚ್ಚಲಿನಲ್ಲಿ ನಾಲ್ಕನೆಯ ಬಾಲ್ದಿಯ ಜೊತೆ ಹಾಡುತ್ತಿದ್ದ.

"ನಾಳೆ ಎಂಟೂವರೆ ಬಸ್ಸಲ್ಲವಾ?" ಎಂದರು ಅತ್ತೆ.

"ಹೌದು ಅತ್ತೆ."

"ಹೋಗು. ಪಂಪು ನಾನು ಆರಿಸ್ತೇನೆ. ತಗಡು ಹೇಳ್ತದಲ್ಲ."

ಉಮಾವತಿ ಎಣ್ಣೆಯನ್ನೇ ನೋಡುತ್ತ ತಲೆಯಾಡಿಸಿದಳು. ಅತ್ತೆ ಇನ್ನೊಂದು ಬಳ್ಳಿ ಕತ್ತರಿಸಿದರು.

"ಆ ಕಪ್ಪು ಪೈಪನ್ನು ಕಟ್ಟಿಗೆಯ ಹಿಂದೆ ಇಡಬೇಡ. ಹೆಗ್ಗಣ ಕಡೀತದೆ. ತಗಡಿನಿಂದ ಬಿದ್ದ ನೀರನ್ನು ಬಸಳೆ ಬುಡಕ್ಕೆ ಬಿಡ್ಲಿಕ್ಕೆ ಬೇಕು."

ಒತ್ತುತ್ತಿದ್ದ ಚಕ್ಕುಲಿ ಒರಳಿನಲ್ಲೇ ನಿಂತಿತು. ಅವಳು ಕೇಳಿದಳು:

"ಅವರಿಗೆ ಹೇಳ್ತೀರಾ?"

"ಅವನಿಗೆ ಎಂತಕ್ಕೆ? ಕೊನೆಯ ನಟ್ಟು ಅಂತ ಆಫೀಸಿನಲ್ಲಿ ಹೇಳಿಕೊಂಡು ಖುಷಿಯಲ್ಲಿರಲಿ."

ಉಮಾವತಿ ಉಸಿರು ಬಿಟ್ಟು ಏಳನೆಯ ಚಕ್ಕುಲಿಯನ್ನು ಎಣ್ಣೆಗೆ ಜಾರಿಸಿದಳು. ಒರಳು ತೊಳೆಯಲು ಎದ್ದಳು.

"ಎಲ್ಲಿಗೆ? ಇನ್ನೂ ಏಳು ಮಾಡು," ಎಂದರು ಅತ್ತೆ.

"ಹರಕೆ ಹೇಳಿದ್ದು ಏಳೇ ಅಲ್ಲವಾ?"

"ಅದು ನೀರು ಸಿಕ್ಕಿದ್ದಕ್ಕೆ. ಇನ್ನೊಂದು ಏಳು, ಸೊಸೆಯ ಬುದ್ಧಿ ಸಿಕ್ಕಿದ್ದಕ್ಕೆ."